ಕಾಂಕ್ರೀಟಲ್ಲಿ ಹತ್ತು, ಟಾರಲ್ಲಿ ಇಳಿ: ಕೊಡಗಿನ ಓಟದ ದಾರಿಗಳು, ನನ್ನ ಅನುಭವ

ನಮ್ಮ ಕಡೆ ಓಡುವವರು ಸುತ್ತುದಾರಿ ಹಾಕುವುದು ಹೀಗೆ: ನಿಧಾನದ ಏರಿನಲ್ಲಿ ಶುರು, ಮೇಲೆ ಹೋಗಿ ಒಂದು ನೋಟ, ಆಮೇಲೆ ಕಡಿದಾದ ಒಳದಾರಿಯಲ್ಲಿ ಸರ್ರನೆ ಇಳಿದು ಮನೆ. ನಾನು ಅದನ್ನು ತಿರುಗಿಸಿ ಹಾಕಿದೆ. ಕಡಿದಾದ ಕಡೆಯಿಂದ ಹತ್ತುವುದು, ಉದ್ದದ ಕಡೆಯಿಂದ ಇಳಿಯುವುದು. ಕೇಳಿದವರೆಲ್ಲ ನಕ್ಕರು. ಗಡಿಯಾರವೂ ಅವರ ಪರವಾಗಿಯೇ ಇತ್ತು ಅನ್ನಿ, ಅದೇ ಸುತ್ತು ಅವರ ದಿಕ್ಕಿನಲ್ಲಿ ಎರಡು ಮೂರು ನಿಮಿಷ ಬೇಗ ಮುಗಿಯುತ್ತದೆ. ಆದರೆ ಅವರ ದಿಕ್ಕಿನಲ್ಲಿ ಓಡಿದರೆ ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳಬೇಕು. ವಾರಕ್ಕೆ ಎರಡು ಓಟ ದಾಟುತ್ತಿರಲಿಲ್ಲ. ನನ್ನ ದಿಕ್ಕಿನಲ್ಲಿ ನಾಲ್ಕು ಆರಾಮ. ಈಗ ನಕ್ಕವರಲ್ಲಿ ಅರ್ಧ ಜನ ಇದೇ ದಿಕ್ಕಿನಲ್ಲಿ ಓಡುತ್ತಿದ್ದಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಇದು ಬರೀ ತೊಡೆನೋವಿನ ಲೆಕ್ಕ ಅಲ್ಲ. ಕೊಡಗಿನ ಊರೊಳಗಿನ ರಸ್ತೆ ನೋಡಿ: ಕಡಿದಾದ ತುಂಡುಗಳಿಗೆ ಕಾಂಕ್ರೀಟ್, ಸಾಧಾರಣ ಇಳಿಜಾರಿಗೆ ಟಾರು. ಕಡಿದಾದ ಕಡೆ ಟಾರು ಹಾಕಿದರೆ ಒಂದೆರಡು ಮಳೆಗಾಲಕ್ಕೆ ನೀರು ಮತ್ತು ಜೀಪಿನ ಚಕ್ರ ಸೇರಿ ಕಿತ್ತು ಹಾಕುತ್ತವೆ. ಆ ಕಾಂಕ್ರೀಟಿನ ಮೇಲೆ ನೆರಳಿದ್ದ ಕಡೆಯೆಲ್ಲ ಜುಲೈ ಹೊತ್ತಿಗೆ ಪಾಚಿ. ಪಾಚಿಯಲ್ಲಿ ಹತ್ತುವಾಗ ಜಾರಿದರೆ ಕೈ ಊರಿದರೆ ಆಯಿತು. ಇಳಿಯುವಾಗ ಜಾರಿದರೆ ಸೊಂಟ. ಹಾಗಾಗಿ ದಾರಿ ಹುಡುಕುವಾಗ ಮೊದಲು ನೋಡುವುದು ಉಪಗ್ರಹ ಚಿತ್ರದಲ್ಲಿ ಬಿಳಿಚಿಕೊಂಡ ಗೆರೆ. ಬಿಳಿ ಅಂದರೆ ಕಾಂಕ್ರೀಟ್, ಕಾಂಕ್ರೀಟ್ ಅಂದರೆ ಏರು. ತೋಟದ ನೆರಳಿನ ಮರಗಳು ಅರ್ಧ ಮುಚ್ಚಿರುತ್ತವೆ, ಆದರೂ ಮರಗಸಿ (ಆ ಮರಗಳ ಕೊಂಬೆ ಕಡಿಯುವ ಕೆಲಸ) ಆದ ಮೇಲಿನ ಚಿತ್ರ ಸಿಕ್ಕರೆ ಚೆನ್ನಾಗಿ ಕಾಣುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಿಂದಲೇ ಎಲ್ಲ ಆಗುತ್ತದೆ ಅಂದುಕೊಂಡು ಮೊದಲ ವರ್ಷ ಹಾಳು ಮಾಡಿಕೊಂಡೆ. ಅದರಲ್ಲಿ ಎತ್ತರದ ಗೆರೆಗಳು 20 ಮೀಟರಿಗೆ ಒಂದು. ನಮ್ಮಲ್ಲಿ ಕಾಲು ಮುರಿಯುವ ಏರುಗಳು 15 ಮೀಟರಿನವು. ಎರಡು ಗೆರೆಗಳ ನಡುವೆ ಅಡಗಿ ಕೂತಿರುತ್ತವೆ. ಮೇಲಾಗಿ ಮಕ್ಕಂದೂರು, ಗಾಳಿಬೀಡು ಕಡೆ 2018ರ ಆಗಸ್ಟಿನ ಭೂಕುಸಿತದ ನಂತರ ಹಳೆ ನಕ್ಷೆಯ ಸಣ್ಣ ದಾರಿಗಳನ್ನು ನಂಬಿ ಹೋಗುವ ಹಾಗಿಲ್ಲ.

ಏರು ಅಳೆಯುವುದು ಹೀಗೆ. ಒಂದು ಮೀಟರಿನ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ಮೇಸ್ತ್ರಿಗಳ ಸಣ್ಣ ರಸಮಟ್ಟ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಪಟ್ಟಿಯ ಒಂದು ತುದಿ ರಸ್ತೆಗೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ, ಗುಳ್ಳೆ ನಡುವಿಗೆ ಬರುವ ತನಕ ಎತ್ತಿ. ಎತ್ತಿದ ತುದಿಯಿಂದ ರಸ್ತೆಗೆ ಟೇಪು ಬಿಡಿ. ಎಷ್ಟು ಸೆಂಟಿಮೀಟರೋ ಅಷ್ಟು ಪರ್ಸೆಂಟ್. 14 ಸೆಂಟಿಮೀಟರ್ ಅಂದರೆ 14 ಪರ್ಸೆಂಟ್, ಬೇರೆ ಲೆಕ್ಕ ಬೇಡ. ಕಾಂಕ್ರೀಟಿನಲ್ಲಿ ಜಾರದಿರಲಿ ಅಂತ ಎಳೆದ ಗೀರುಗಳಿರುತ್ತವೆ, ಪಟ್ಟಿಯ ತುದಿ ಅದರೊಳಗೆ ಕೂತರೆ ಒಂದು ಸೆಂಟಿಮೀಟರ್ ತಪ್ಪು. 50 ಮೀಟರಿಗೆ ಐದು ಕಡೆ ಇಟ್ಟು ಸರಾಸರಿ ತೆಗೆಯಿರಿ. ರಸಮಟ್ಟಕ್ಕೆ ಮುನ್ನೂರು ರೂಪಾಯಿ ಆಗಿರಬೇಕು. ಪಟ್ಟಿ ಕಿಟಕಿ ಕೆಲಸದವರ ಹತ್ತಿರ ಉಳಿದ ತುಂಡು.

ದೂರದ ಕಥೆಗೆ ದುಡ್ಡು ಹೋಯಿತು. ಇಪ್ಪತ್ತೆರಡು ಇಪ್ಪತ್ತಮೂರು ಸಾವಿರದ ಜಿಪಿಎಸ್ ವಾಚು ದಟ್ಟ ಮರದಡಿ ಒಂದೇ ಸುತ್ತನ್ನು ಒಂದು ದಿನ 7.7, ಮಾರನೇ ದಿನ 8.3 ತೋರಿಸುತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ನಾಲ್ಕುನೂರೈವತ್ತರ ಸೈಕಲ್ ಮೀಟರು, ಕಡ್ಡಿಗೆ ಅಯಸ್ಕಾಂತ ಕಟ್ಟುವಂಥದ್ದು. ಚಕ್ರದ ಸುತ್ತಳತೆಯನ್ನು ಟಯರಿನ ಮೇಲೆ ಬರೆದದ್ದು ನೋಡಿ ಹಾಕಬೇಡಿ. ಕಾಫಿ ಕಣದಲ್ಲಿ ವಾಲ್ವ್ ಕೆಳಗೆ ಸೀಮೆಸುಣ್ಣದ ಗುರುತು ಹಾಕಿ ಹತ್ತು ಸುತ್ತು ಉರುಳಿಸಿ ಅಳೆಯಿರಿ. ನನ್ನದು 20 ಮೀಟರ್ 50ರ ಆಸುಪಾಸು ಬಂತು, ಸೈಕಲ್ ಮೀಟರಿನಲ್ಲಿ 2050 ಮಿ.ಮೀ. ಅಂತ ಹಾಕಿದೆ. ಕೂತು ಓಡಿಸಿದರೆ ಟಯರು ಒತ್ತಿಕೊಂಡು ಸುತ್ತಳತೆ ಚೂರು ಕಡಿಮೆಯಾಗುತ್ತದೆ. ತಳ್ಳಿಕೊಂಡು ಹೋದರೆ ಜಾಸ್ತಿ. ಕೂತು ಏರು ಹತ್ತಿದರೆ ಹ್ಯಾಂಡಲ್ ಆಚೀಚೆ ಆಡಿ ದೂರವೂ ಬೆಳೆಯುತ್ತದೆ. ಆದ್ದರಿಂದ ಹೇಗೆ ಅಳತೆ ಕೂಡಿಸಿದಿರೋ ಹಾಗೇ ಇಡೀ ದಾರಿ ತಳ್ಳಿ, ಟಯರಿನ ಗಾಳಿಯನ್ನು ಆ ದಿನ ಮುಟ್ಟಬೇಡಿ.

ಎತ್ತರಕ್ಕೆ ಫೋನಿನ ಬ್ಯಾರೋಮೀಟರ್ ಪರವಾಗಿಲ್ಲ, ಆದರೆ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಗಾಳಿಯ ಒತ್ತಡ ತಾನಾಗಿಯೇ ಎರಡು ಮೂರು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಒಂದಕ್ಕೆ ಎಂಟೊಂಬತ್ತು ಮೀಟರ್ ಲೆಕ್ಕ ಹಿಡಿದರೆ ಇಪ್ಪತ್ತು ಮೀಟರ್ ಗುಡ್ಡ ಸುಮ್ಮನೆ ಹುಟ್ಟಿತು! ಶುರು ಮಾಡಿದ ಜಾಗಕ್ಕೇ ವಾಪಸ್ ಬಂದು, ಬಂದ ವ್ಯತ್ಯಾಸವನ್ನು ಇಡೀ ದಾರಿಯ ಅಳತೆಗಳಿಗೆ ಹಂಚಿ ಹಾಕಿ.

ಹೀಗೆ ಕೂಡಿಸಿದ ಸುತ್ತುಗಳಲ್ಲಿ ಒಂದರ ಲೆಕ್ಕ ಕೊಡುತ್ತೇನೆ, ನಾಪೋಕ್ಲು ಮತ್ತು ಕಕ್ಕಬ್ಬೆ ನಡುವಿನದು. ಗದ್ದೆ ಬದಿಯಲ್ಲಿ 600 ಮೀಟರ್ ಸಪಾಟು, ಮೈ ಬಿಸಿಗೆ ಅಷ್ಟು ಸಾಕು. ಆಮೇಲೆ ಕಾಂಕ್ರೀಟಿನಲ್ಲಿ 1.3 ಕಿ.ಮೀ., ಏರು ಸುಮಾರು 150 ಮೀಟರ್. ಸರಾಸರಿ ಹನ್ನೊಂದು ಹನ್ನೆರಡು ಪರ್ಸೆಂಟ್, ಎರಡು ತಿರುವುಗಳಲ್ಲಿ 18. ಉಳಿದ 6.1 ಕಿ.ಮೀ. ಟಾರಿನಲ್ಲಿ ಇಳಿತ, ಎರಡೂವರೆ ಪರ್ಸೆಂಟ್ ಮೀರುವುದು ಅಪರೂಪ. ಎಡಕ್ಕೆ ಕಾಫಿ, ಬಲಕ್ಕೆ ಕಣಿವೆ, ಮೋಡ ಇಲ್ಲದ ದಿನ 1748 ಮೀಟರಿನ ತಡಿಯಂಡಮೋಳ್ ಎದುರಿಗೇ. ತೋಟದ ಮಾಲೀಕರಿಗೆ ಕೊಟ್ಟ ಮಾತಿದೆ, ಗೇಟು ಎಲ್ಲಿ ಅಂತ ಬರೆಯುವುದಿಲ್ಲ. ಖಾಸಗಿ ರಸ್ತೆಗೆ ಕೇಳಿಕೊಂಡೇ ಹೋಗಿ, ಗೇಟು ಮುಚ್ಚಿ ಹೋಗಿ.

ಹನ್ನೆರಡು ಪರ್ಸೆಂಟ್ ದಾಟಿದ ಕಡೆ ಓಡಬೇಡಿ, ತೊಡೆಗೆ ಕೈ ಕೊಟ್ಟು ನಡೆಯಿರಿ. ಓಡಿದರೂ ಉಳಿಯುವುದು ಅರ್ಧ ನಿಮಿಷ. ಮೀನಖಂಡ ಹಿಡಿದರೆ ಹೋಗುವುದು ಮೂರು ವಾರ. ಪಾಚಿ ಇದ್ದಾಗ ಜೀಪಿನ ಚಕ್ರ ಉಜ್ಜಿದ ಎರಡು ಪಟ್ಟೆಗಳಲ್ಲೇ ಕಾಲಿಡಿ. ತಿರುವಿನಲ್ಲಿ ಮಾತ್ರ ಇದು ಉಲ್ಟಾ: ಅಲ್ಲಿ ಚಕ್ರ ಗಿರಕಿ ಹೊಡೆದು ಕಾಂಕ್ರೀಟೇ ನುಣ್ಣಗಾಗಿರುತ್ತದೆ, ಅಂಚಿನ ಜಲ್ಲಿ ಮೇಲು.

ಒಂದೇ ರಸ್ತೆ ಇರುವ ಕಡೆ ಈ ಉಪಾಯ ನಡೆಯುವುದಿಲ್ಲ. ಭಾಗಮಂಡಲದಿಂದ 8 ಕಿ.ಮೀ. ಹತ್ತಿ 1276 ಮೀಟರಿನ ತಲಕಾವೇರಿ ಸೇರುವುದು ಚಂದ, ಸರಾಸರಿ ನಾಲ್ಕೈದು ಪರ್ಸೆಂಟ್, ಬೆಳಿಗ್ಗೆ ಮಂಜು; ಆದರೆ ಇಳಿಯುವುದೂ ಅದರಲ್ಲೇ. ತುಲಾ ಸಂಕ್ರಮಣದ (ಅಕ್ಟೋಬರಿನ ಕಾವೇರಿ ತೀರ್ಥೋದ್ಭವದ) ಸುತ್ತಮುತ್ತ ಆ ಕಡೆ ತಲೆ ಹಾಕಬೇಡಿ, ಜನವೋ ಜನ. ಮಾಂದಲ್‌ಪಟ್ಟಿ ಜೀಪುಗಳದ್ದು, ಅಬ್ಬಿ ಜಲಪಾತದ ರಸ್ತೆ ಶನಿವಾರ ಭಾನುವಾರ ಪ್ರವಾಸಿಗರದ್ದು.

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ದಾರಿ ಎಷ್ಟೇ ಚೆನ್ನಾಗಿರಲಿ, ಏಳು ಗಂಟೆಗೆ ಮುಂಚೆ ಬೇಡ, ಆನೆ ಇರುತ್ತವೆ. ಹಲಸಿನ ಕಾಲದಲ್ಲಿ ಇನ್ನೂ ಒಂದು ಗಂಟೆ ತಡ. ರಾತ್ರಿ ಆನೆ ಎಲ್ಲಿತ್ತು ಅನ್ನುವುದು ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ), ಲೈನ್ ಮನೆಯ ಕೆಲಸದವರಿಗೆ, ಹಾಲಿನವರಿಗೆ ಗೊತ್ತಿರುತ್ತದೆ. ಯಾವ ಆ್ಯಪಿಗಿಂತ ಅವರು ಮೇಲು. ಹಬೆಯಾಡುವ ಲದ್ದಿ, ಆನೆ ತಿನ್ನಲು ಆಗಷ್ಟೇ ಸೀಳಿದ ಬೈನೆ ಮರ ಕಂಡರೆ ಬಂದ ದಾರಿಯಲ್ಲೇ ವಾಪಸ್. ಕಿವಿಗೆ ಇಯರ್‌ಫೋನ್ ಹಾಕಿ ಓಡುವವರಿಗೆ ಹೇಳುವುದು ಏನೂ ಇಲ್ಲ.

ಉಂಬಳದ (ನೆಲದ ಜಿಗಣೆಯ) ಪ್ರಯೋಗಗಳಿಗೇ ಒಂದು ಮಳೆಗಾಲ ಹೋಯಿತು. ಕಾಲುಚೀಲಕ್ಕೆ ಉಪ್ಪು: ಒಂದು ಕಿಲೋಮೀಟರಿಗೆ ಕರಗಿ ಹಿಮ್ಮಡಿ ಸುಲಿಯಿತು. ಹೊಗೆಸೊಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಕಾಲುಚೀಲ: ಉಂಬಳ ಹತ್ತಲಿಲ್ಲ, ಆದರೆ ಚರ್ಮದಿಂದ ಒಳಗಿಳಿದು ತಲೆ ಸುತ್ತು. ತೆಂಗಿನೆಣ್ಣೆಗೆ ಬೇವಿನೆಣ್ಣೆ ಅರ್ಧಕ್ಕರ್ಧ: ನಲವತ್ತು ನಿಮಿಷ ಗ್ಯಾರಂಟಿ. ಅದಕ್ಕೆ ಸೇರಿಸುವ ಮೂರನೆಯದೊಂದಿದೆ, ಗಂಟೆ ದಾಟಿಸುತ್ತದೆ. ಅದು ನನ್ನ ಹತ್ತಿರವೇ ಇರಲಿ. ಹೇಗೂ ಓಡುವವನಿಗೆ ಉಂಬಳ ಹತ್ತುವುದು ಕಡಿಮೆ, ಫೋಟೋಕ್ಕೆ ನಿಂತವನಿಗೆ ಹತ್ತುತ್ತದೆ.

ಶೂ ವಿಷಯದಲ್ಲಿ ಎಂಟೂವರೆ ಸಾವಿರ ನೀರಿಗೆ ಹೋಯಿತು. ಆಳದ ಹಲ್ಲಿನ ಸೋಲ್ ಕೆಸರಿಗೆ ಸರಿ, ಪಾಚಿ ಕಾಂಕ್ರೀಟಿಗೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಚಪ್ಪಟೆ, ಮೆತ್ತನೆ ರಬ್ಬರಿನ ಎರಡು ಸಾವಿರದ ಶೂ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಒದ್ದೆ ಶೂಗಳನ್ನು ಒಲೆ ಮೇಲೆ ಒಣಹಾಕಬೇಡಿ, ಅಂಟು ಮೆತ್ತಗಾಗಿ ಸೋಲ್ ಬಾಯಿ ಬಿಡುತ್ತದೆ. ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ.

ಓಡಲು ಒಳ್ಳೆಯ ಕಾಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲಿನ ವಾರ, ಮಾರ್ಚ್ ಏಪ್ರಿಲ್. ತೋಟವೆಲ್ಲ ಬಿಳಿ, ವಾಸನೆಗೆ ಉಸಿರು ಎಳೆದಷ್ಟೂ ಸಾಲದು. ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ಜಾಗ್ರತೆ: ಪೈಪು ರಸ್ತೆಗೆ ಅಡ್ಡ ಮಲಗಿರುತ್ತದೆ, ಅದರ ಮೇಲೆ ಕಾಲಿಟ್ಟರೆ ಉರುಳುತ್ತದೆ. ಜೆಟ್ ಒಂದು ಸುತ್ತು ತಿರುಗಿ ಬರುವ ಸಮಯ ಎಣಿಸಿಕೊಂಡು ದಾಟಿ.

ಮಾದಾಪುರ ಕಡೆಯ ಒಂದು ಸುತ್ತು ಬಾಕಿ ಇದೆ. ಪಟ್ಟಿ ಇಟ್ಟ ಕಡೆಯೆಲ್ಲ 19, ಒಂದು ಕಡೆ 22. ಇಳಿತದ ಟಾರು ಅರ್ಧಕ್ಕೇ ನಿಂತು ಜಲ್ಲಿಯಾಗಿದೆ. ಟಾರು ಬಿದ್ದ ಮೇಲೆ ಮತ್ತೆ ಅಳೆಯಬೇಕು.