ಫ್ಲ್ಯಾಟ್ ಬಿಟ್ಟು ಹಳೆಯ ಮನೆ ಕೊಂಡ ನನ್ನ ಲೆಕ್ಕ

ಖಾತೆ, ಇಸಿ, ತಾಯಿಪತ್ರದಂಥ ಆಸ್ತಿ ದಾಖಲೆಗಳ ಪಾಠ ಇಲ್ಲಿ ಬೇಡ. ಬೆಂಗಳೂರಿನಲ್ಲಿ ಮನೆ ಹುಡುಕುವವರಿಗೆ ಅದೆಲ್ಲ ಗೊತ್ತೇ ಇರುತ್ತದೆ.

2019ರಲ್ಲಿ ಕೆಂಗೇರಿ ಕಡೆ ನೋಡಿದ ಫ್ಲ್ಯಾಟ್‌ಗೆ ಸುಮಾರು 85 ಲಕ್ಷ ಹೇಳಿದರು. ಕಾಗದದಲ್ಲಿ 1,200 ಚದರಡಿ, ಒಳಗೆ ಓಡಾಡುವ ಜಾಗ 850ರ ಆಸುಪಾಸು, ಕಟ್ಟಡ ನಿಂತ ಜಮೀನಿನಲ್ಲಿ ನಮ್ಮ ಹೆಸರಿಗೆ ಬರುವ ಅವಿಭಾಜ್ಯ ಪಾಲು 400 ಚದರಡಿ. ಅಲ್ಲೇ ಸುತ್ತಮುತ್ತ ನಿವೇಶನದ ಬೆಲೆ ಚದರಡಿಗೆ ಎಂಟು ಸಾವಿರದಷ್ಟಿತ್ತು. ಜಮೀನಿನ ಪಾಲಿಗೆ 32 ಲಕ್ಷ ಕಳೆದರೆ ಮಿಕ್ಕ 53 ಲಕ್ಷ ಬರೀ ಕಟ್ಟಡಕ್ಕೆ. ಒಳಗಿನ ಚದರಡಿಗೆ ಆರು ಸಾವಿರದ ಮೇಲೆ. ಆಗ ಮೇಸ್ತ್ರಿಗಳು ಎರಡು ಸಾವಿರಕ್ಕೆ ಕಟ್ಟಿಕೊಡುತ್ತಿದ್ದರು! ಈ ಕಳೆಯುವ, ಭಾಗಿಸುವ ಲೆಕ್ಕವೇ ನನ್ನ ಇಡೀ ವಿಧಾನ.

ಹಾಗಾಗಿ ಜಮೀನಿನ ಬೆಲೆಗೆ ಮಾತ್ರ ಸಿಗುವ ಹಳೆಯ ಮನೆಗಳನ್ನು ಹುಡುಕಲು ಹೊರಟೆ. "ದಿನಾ ಮೇಸ್ತ್ರಿಯ ಮುಖ ನೋಡುವ ಗ್ರಹಚಾರ ನಿಮಗೇಕೆ ಭಾವ?" ಎಂದು ಹೆಂಡತಿಯ ತಮ್ಮ ನಕ್ಕ. ಮಾವನವರೂ ಅವನ ಪರವೇ.

ಮೊದಲ ವ್ಯವಹಾರ ಮುರಿದುಬಿತ್ತು. ಬಿ ಖಾತೆಯ ಮನೆ, ಅಂದರೆ ಪಾಲಿಕೆಯ ಪೂರ್ತಿ ಮಾನ್ಯತೆ ಇಲ್ಲದ್ದು. ಸಾಲ ಸಿಗುತ್ತದೆಂದು ಹೇಳಿದ್ದ ಬ್ಯಾಂಕ್ ಕೊನೆಯಲ್ಲಿ ಕೈಯೆತ್ತಿತು. ಕೊಟ್ಟಿದ್ದ ಎರಡು ಲಕ್ಷ ಮುಂಗಡದಲ್ಲಿ ಒಂದೂವರೆ ವಾಪಸು ಬರುವಷ್ಟರಲ್ಲಿ ವರ್ಷ ಉರುಳಿತು. ಎರಡನೆಯದು 20×30 ಅಡಿ ನಿವೇಶನದಲ್ಲಿದ್ದ ಹಳೆಯ ಮನೆ, 48 ಲಕ್ಷ, ಅಂದರೆ ಬರೀ ಜಮೀನಿನ ಬೆಲೆ. ನೋಂದಣಿ, ಮುದ್ರಾಂಕ ಸೇರಿ ಮೂರು ಲಕ್ಷ ಚಿಲ್ಲರೆ. ರಿಪೇರಿಗೆ ಏಳು.

ಮೇಲೊಂದು ಅಂತಸ್ತು ಏರಿಸಬೇಕೆಂದಾಗ ಪಿಲ್ಲರ್ ಇಲ್ಲದ ಮನೆ, ಕೆಡವಿಯೇ ಕಟ್ಟಿ ಎಂದರು ಒಬ್ಬ ಎಂಜಿನಿಯರ್. ಇನ್ನೊಬ್ಬರು ಪಾಯವನ್ನು ಎರಡು ಕಡೆ ಅಗೆಸಿ ನೋಡಿದರು. ಗಟ್ಟಿ ಸೈಜುಗಲ್ಲು. ಹಗುರ ಬ್ಲಾಕಿನಲ್ಲಿ ಒಂದೇ ಅಂತಸ್ತಾದರೆ ತಡೆಯುತ್ತದೆ ಎಂದರು. ಅಗೆಸಿದ ಖರ್ಚು ಹತ್ತು ಸಾವಿರವೂ ಇಲ್ಲ, ಉಳಿದದ್ದು ಲಕ್ಷಗಟ್ಟಲೆ. ಮೇಲಿನ ಮನೆಗೆ ಹನ್ನೊಂದು ಲಕ್ಷವಾಯಿತು. ಎಲ್ಲ ಸೇರಿ 70ರ ಒಳಗೇ ಮುಗಿಯಿತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂದದ್ದೂ ಕೂಡಿಬಂತು. 13,000ಕ್ಕೆ ಬಾಡಿಗೆಗೆ ಕೊಟ್ಟ ಮೇಲಿನ ಮನೆಗೆ ಈಗ 17,000 ಬರುತ್ತಿದೆ.

ಆ ಫ್ಲ್ಯಾಟ್‌ನಲ್ಲಿ ನಿರ್ವಹಣಾ ಶುಲ್ಕ ಚದರಡಿಗೆ ನಾಲ್ಕೂವರೆ ರೂಪಾಯಿ, ಅದೂ ಕಾಗದದ 1,200 ಚದರಡಿಗೆ. ಅಂದರೆ ತಿಂಗಳಿಗೆ 5,400. ಸ್ವಂತ ಮನೆಗೆ ಆ ಖರ್ಚಿಲ್ಲ ಎಂದುಕೊಳ್ಳುವವರು ಮೋಟರ್ ಸುಟ್ಟ ದಿನ ಪರದಾಡುತ್ತಾರೆ. ನಾನು ತಿಂಗಳಿಗೆ 3,500 ಆರ್‌ಡಿ (ಆವರ್ತ ಠೇವಣಿ) ಕಟ್ಟುತ್ತೇನೆ. ಸುಣ್ಣಬಣ್ಣ, ಸಂಪು, ಸೋರಿಕೆ ಎಲ್ಲಕ್ಕೂ ಅದೇ ಹಣ.

ನಡುವೆ ಮಳೆನೀರಿನ ಗೀಳು ಹತ್ತಿತು. 550 ಚದರಡಿಯ ತಾರಸಿಯಿಂದ ವರ್ಷಕ್ಕೆ ನಲವತ್ತು ಸಾವಿರ ಲೀಟರ್ ಸಿಗಬೇಕು. ಮೊದಲ ಫಿಲ್ಟರ್ ಹೊಂಗೆ ಎಲೆಗೆ ಕಟ್ಟಿಕೊಂಡಿತು, ಎರಡನೆಯದರಲ್ಲಿ ಸೊಳ್ಳೆ. ಮೂರನೆಯದನ್ನು ಡ್ರಮ್ಮು, ಜಲ್ಲಿ, ಸೊಳ್ಳೆಪರದೆಯಲ್ಲಿ ನಾನೇ ಮಾಡಿದೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾದಂಥ ಬರ ಬಂದಾಗ ಸಂಪಿನಲ್ಲಿ ಹಳೆಯ ಮಳೆನೀರೇನೂ ಉಳಿದಿರಲಿಲ್ಲ, ನಿಜ. ಆದರೆ ಎರಡು ಸಂಸಾರಕ್ಕೆ ಒಂದು ಟ್ಯಾಂಕರ್ ವಾರ ದಾಟಿಸುತ್ತಿತ್ತು.

ಜಮೀನಿನ ಬೆಲೆಗೇ ಮನೆ ಬಿಟ್ಟುಕೊಡುವ ಮಾರಾಟಗಾರರು ಎಲ್ಲಿ ಸಿಗುತ್ತಾರೆ ಎಂಬುದನ್ನು ಸದ್ಯಕ್ಕೆ ಹೇಳಲಾರೆ. ಅದೇ ಭಾವಮೈದುನನಿಗಾಗಿ ಹುಡುಕುತ್ತಿದ್ದೇನೆ. ಬೆಲೆ ಏರಿದ ಮೇಲೆ ಇದೇ ಲೆಕ್ಕದಲ್ಲಿ ಎಂಟು-ಹತ್ತು ಮನೆಗಳ ಹಳೆಯ ಸಣ್ಣ ಅಪಾರ್ಟ್‌ಮೆಂಟ್‌ಗಳೂ ಗೆಲ್ಲುತ್ತಿವೆ, ಅಲ್ಲಿ ಜಮೀನಿನ ಪಾಲು 600 ಚದರಡಿ ದಾಟುವುದುಂಟು. ಅಂಥದ್ದೊಂದರ ಪತ್ರಗಳು ಈಗ ವಕೀಲರ ಕೈಯಲ್ಲಿವೆ.