ತುಪ್ಪ, ತೆಂಗು ಧಾರಾಳ ಇರುವ ಮನೆಯಲ್ಲಿ ಮಗುವಿಗೆ ಯಾವ ಕೊಬ್ಬು ಕೊಟ್ಟೆ: ನನ್ನ ಅನುಭವ

ನಮ್ಮದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ ತೋಟದ ಮನೆ. ಮೀನು, ಮೊಟ್ಟೆ ಒಳಗೆ ಬರುವುದಿಲ್ಲ. ನಮ್ಮ ನೆರೆಕರೆಯಲ್ಲಿ ತುಂಬ ಮನೆಗಳಲ್ಲಿ ಮಗುವಿಗೆ ಏಳೆಂಟು ತಿಂಗಳಾಯಿತೆಂದರೆ ಬೇಯಿಸಿದ ಮೀನಿನ ಮುಳ್ಳು ತೆಗೆದು ಅನ್ನಕ್ಕೆ ಹಿಸುಕಿ ಕೊಡುತ್ತಾರೆ. ಅವರ ಮಗುವಿಗೆ ಮಿದುಳಿಗೆ ಬೇಕಾದ ಒಮೆಗಾ-3 ಎಂಬ ಕೊಬ್ಬು, ಬಿ12 ವಿಟಮಿನ್ ಎರಡೂ ಊಟದ ಜೊತೆಗೇ ಹೋಗುತ್ತದೆ. ನಮ್ಮಂಥ ಮನೆಗಳಲ್ಲಿ ತುಪ್ಪ, ತೆಂಗಿನೆಣ್ಣೆ, ಹಾಲು ಯಾವುದಕ್ಕೂ ಬರ ಇಲ್ಲ, ಹಾಗಾಗಿ ಮಗುವಿಗೆ ಬೇಕಾದ ಕೊಬ್ಬೆಲ್ಲ ಸಿಗುತ್ತಿದೆ ಅಂತ ಎಲ್ಲರೂ ನೆಮ್ಮದಿಯಲ್ಲಿರುತ್ತಾರೆ. ಹೊಟ್ಟೆ ತುಂಬುವಷ್ಟು ಸಿಗುತ್ತದೆ, ನಿಜ. ಮಿದುಳಿಗೆ ಬೇಕಾದದ್ದು ಮಾತ್ರ ನಾವಾಗಿ ನೆನಪಿಟ್ಟು ಹಾಕದಿದ್ದರೆ ಸಿಗುವುದಿಲ್ಲ.

ಮೊದಲು ಕೊಬ್ಬು ಯಾಕೆ ಬೇಕು ಅನ್ನುವುದು. ತಾಯಿಯ ಹಾಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಕೊಬ್ಬಿನಿಂದ. ಆರು ತಿಂಗಳಾದ ಮೇಲೆ ನಾವು ಗಂಜಿ, ಮಣ್ಣಿ ಅಂತ ಶುರು ಮಾಡುತ್ತೇವೆ ನೋಡಿ, ಅದರಲ್ಲಿ ನೀರೇ ಜಾಸ್ತಿ. ಮಗುವಿನ ಹೊಟ್ಟೆ ಸಣ್ಣದು, ನಾಲ್ಕು ಚಮಚಕ್ಕೆ ತುಂಬಿಬಿಡುತ್ತದೆ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಮೇಲಿನ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ವರ್ಷ ದಾಟಿದರೆ 550 ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಚಿಕ್ಕ ಚಮಚ ಎಣ್ಣೆ ಅಥವಾ ತುಪ್ಪದಲ್ಲೇ ನಲವತ್ತು ಕ್ಯಾಲೊರಿ ಮೇಲೆ ಇದೆ. ಅಷ್ಟು ಶಕ್ತಿಯನ್ನು ಬರೀ ತೆಳು ಗಂಜಿಯಿಂದ ಕೊಡಲು ಹೋದರೆ ಮಗು ಕುಡಿಯುವುದೇ ಇಲ್ಲ. ಎರಡು ವರ್ಷದೊಳಗಿನ ಮಗುವಿಗೆ ಕೊಬ್ಬು ಕಡಿಮೆ ಮಾಡುವ, ಕೆನೆ ತೆಗೆದ ಹಾಲು ಕೊಡುವ ಯೋಚನೆಯೇ ಬೇಡ.

ನಮ್ಮಲ್ಲಿ ಶುರು ಮಾಡಿದ್ದು ರಾಗಿ ಮಣ್ಣಿಯಿಂದ. ರಾತ್ರಿ ನೆನೆಹಾಕಿದ ರಾಗಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಹಾಲು ಕೆಳಗೆ ಇಳಿಯುವವರೆಗೆ ಬಿಟ್ಟು ಮೇಲಿನ ನೀರು ಚೆಲ್ಲಿ, ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತಾ ಇರಬೇಕು. ತಳ ಬಿಟ್ಟು ಹೊಳಪು ಬಂದಾಗ ಕೆಳಗಿಳಿಸಿ, ಬಿಸಿ ಆರುವ ಮೊದಲು ಅರ್ಧ ಚಮಚ ತುಪ್ಪ. ಬೆಲ್ಲ, ಉಪ್ಪು ಒಂದು ವರ್ಷದವರೆಗೆ ಹಾಕಲಿಲ್ಲ. ಜೇನಂತೂ ಒಂದು ವರ್ಷದೊಳಗೆ ಮುಟ್ಟಿಸಲೇಬಾರದು, ನಾಲಗೆಗೆ ಒಂದು ಹನಿ ಹಚ್ಚುವುದೂ ಬೇಡ, ಅದರಲ್ಲಿ ಬೊಟುಲಿಸಂ ಎಂಬ ವಿಷಬಾಧೆಯ ಅಪಾಯ ಇದೆ. ಒಂಬತ್ತು ತಿಂಗಳು ಕಳೆದ ಮೇಲೆ ಬಟ್ಟೆಯಲ್ಲಿ ಸೋಸುವುದನ್ನು ಬಿಟ್ಟು, ಮೊಳಕೆ ಬರಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ ರಾಗಿಗೆ ಬಂದೆ. ರಾಗಿಯ ಸುಣ್ಣದಂಶ ಇರುವುದೇ ಸಿಪ್ಪೆಯ ಭಾಗದಲ್ಲಿ ಜಾಸ್ತಿ, ಸೋಸಿದರೆ ಅದೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ.

ಈಗ ವಿಷಯಕ್ಕೆ ಬರೋಣ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಬೇರೆ ಬಗೆಯದ್ದು. ನಾನು ಅದನ್ನು ಬೈಯುವವಳಲ್ಲ, ನಮ್ಮ ಮನೆಯ ತೆಂಗಿನಕಾಯಿಯದ್ದೇ ಕೊಬ್ಬರಿ, ಮಿಲ್ಲಿನಲ್ಲಿ ಎಣ್ಣೆ ಮಾಡಿಸಿ ತರುವುದು, ಮಗು ಅದನ್ನು ತಿಂದೇ ದೊಡ್ಡದಾಗುತ್ತಿರುವುದು. ಆದರೆ ಅದರಲ್ಲಿ ಒಮೆಗಾ-3 ಇಲ್ಲ ಎನ್ನುವಷ್ಟು ಕಡಿಮೆ. ತುಪ್ಪದಲ್ಲೂ ಹೇಳಿಕೊಳ್ಳುವಷ್ಟಿಲ್ಲ. ಅಂಗಡಿಯ ಸೂರ್ಯಕಾಂತಿ ಎಣ್ಣೆಯಲ್ಲಿರುವುದು ಹೆಚ್ಚಾಗಿ ಒಮೆಗಾ-6 ಎಂಬ ಇನ್ನೊಂದು ಬಗೆಯ ಕೊಬ್ಬು. ಅದು ಅತಿಯಾದರೆ, ಇರುವ ಸ್ವಲ್ಪ ಒಮೆಗಾ-3ಯನ್ನು ಮೈ ಬಳಸಿಕೊಳ್ಳುವುದಕ್ಕೂ ಅಡ್ಡಿ, ಯಾಕೆಂದರೆ ಎರಡಕ್ಕೂ ಬೇಕಾದ ಕಿಣ್ವಗಳು ಒಂದೇ.

ನಾನು ಇದನ್ನೆಲ್ಲ ಹೇಳಿದಾಗ ಅತ್ತೆ ಕೇಳಿದ್ದು, “ಇಷ್ಟು ತುಪ್ಪ, ಎಣ್ಣೆ ಎಲ್ಲ ಹಾಕ್ತಾ ಇದ್ದೇವಲ್ಲ, ಇನ್ನೆಂತ ಎಣ್ಣೆ ಬೇಕು ಅದಕ್ಕೆ?” ಅವರ ಪ್ರಶ್ನೆ ಸರಿಯಾಗಿಯೇ ಇತ್ತು. “ಅತ್ತೆ, ತುಪ್ಪ ನಿಲ್ಲಿಸುವುದು ಬೇಡ, ಅದರ ಜೊತೆಗೆ ಅಗಸೆ ಬೀಜ ಸೇರಿಸುವ” ಅಂದೆ. ಅಗಸೆ ಪುಡಿ ಮಾಡುವ ಕೆಲಸ ಆಮೇಲೆ ಅವರೇ ವಹಿಸಿಕೊಂಡರು, ಅವರ ಕೈಯಲ್ಲಿ ಹದ ತಪ್ಪುವುದೇ ಇಲ್ಲ.

ಅಗಸೆ ಬೀಜವನ್ನು ಇಡಿಯಾಗಿ ಕೊಟ್ಟರೆ ಪ್ರಯೋಜನ ಇಲ್ಲ, ಹಾಗೇ ಹೊರಗೆ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯಲ್ಲಿ ಚಟಚಟ ಶುರುವಾಗುವವರೆಗೆ ಮಾತ್ರ ಹುರಿದು, ಪೂರ್ತಿ ತಣಿಸಿ, ಒಣಗಿದ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಬೇಕು. ಒಮ್ಮೆಗೆ ಎರಡು ಮುಷ್ಟಿಗಿಂತ ಜಾಸ್ತಿ ಮಾಡಬೇಡಿ. ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ವಾ, ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸಂಜೆಯೊಳಗೆ ಗಂಟು. ಗಾಜಿನ ಬಾಟಲಿಗೆ ಹಾಕಿ ಫ್ರಿಡ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸುವುದು. ಕೆಟ್ಟಿದೆಯಾ ಅಂತ ನೋಡಲು ಮೂಗು ಸಾಕು: ಹೊಸ ಪುಡಿಗೆ ಹುರಿದ ಎಳ್ಳಿನಂಥ ಪರಿಮಳ, ಹಳತಾದರೆ ಪೇಂಟಿನ ವಾಸನೆ. ಮರಕ್ಕೆ ಬಳಿಯುವ ಪೇಂಟಿನಲ್ಲಿ ಹಾಕುವುದೂ ಇದೇ ಅಗಸೆ ಎಣ್ಣೆಯನ್ನೇ. ಆ ವಾಸನೆ ಬಂದರೆ ಯೋಚನೆಯೇ ಬೇಡ, ಚೆಲ್ಲಿಬಿಡಿ.

ಎಂಟು ತಿಂಗಳ ಹೊತ್ತಿಗೆ ಒಂದು ಚಿಟಿಕೆಯಿಂದ ಶುರು ಮಾಡಿ, ನಿಧಾನಕ್ಕೆ ಅರ್ಧ ಚಿಕ್ಕ ಚಮಚ, ವರ್ಷ ಕಳೆದ ಮೇಲೆ ಒಂದು ಚಿಕ್ಕ ಚಮಚಕ್ಕೆ ತಂದೆ. ಅಷ್ಟರಲ್ಲಿ ಸುಮಾರು ಅರ್ಧ ಗ್ರಾಂ ಎಎಲ್‌ಎ ಇರುತ್ತದೆ, ಅಂದರೆ ಗಿಡಗಳಲ್ಲಿ ಸಿಗುವ ಒಮೆಗಾ-3. ಒಮ್ಮೆಲೇ ಜಾಸ್ತಿ ಹಾಕಿದರೆ ಮಗುವಿಗೆ ಹೊಟ್ಟೆ ಸಡಿಲವಾಗುತ್ತದೆ. ಅಕ್ರೂಟ್ ಸಿಕ್ಕಿದಾಗ ನೆನೆಸಿ, ನುಣ್ಣಗೆ ಅರೆದು ಬಾಳೆಹಣ್ಣಿನ ಜೊತೆ ಕೊಡುತ್ತಿದ್ದೆ.

ಇಲ್ಲಿ ಒಂದು ತೊಡಕು ಇದೆ, ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮಗುವಿನ ಮಿದುಳು ಮತ್ತು ಕಣ್ಣಿನ ಪರದೆ ಕಟ್ಟಿಕೊಳ್ಳುವುದಕ್ಕೆ ಬೇಕಾದದ್ದು ಡಿಎಚ್ಎ ಎಂಬ ಇನ್ನೊಂದು ಬಗೆಯ ಒಮೆಗಾ-3. ಅಗಸೆಯಲ್ಲಿ ಅದು ಇಲ್ಲ. ಅಗಸೆಯ ಎಎಲ್‌ಎಯನ್ನು ಮೈಯೇ ಡಿಎಚ್ಎ ಮಾಡಿಕೊಳ್ಳಬೇಕು, ಅದು ಮಾಡಿಕೊಳ್ಳುವುದೋ ತೀರಾ ಸ್ವಲ್ಪ. ಮೀನಿನಲ್ಲಿ ಡಿಎಚ್ಎ ಇರುವುದು ಮೀನು ಅದನ್ನು ತಯಾರಿಸುತ್ತದೆ ಅಂತ ಅಲ್ಲ, ಸಮುದ್ರದ ಸೂಕ್ಷ್ಮ ಪಾಚಿ ತಯಾರಿಸಿದ್ದು ಆಹಾರದ ಮೂಲಕ ಮೀನಿಗೆ ಸೇರುತ್ತದೆ. ಹಾಗಾದರೆ ನಾವು ನೇರವಾಗಿ ಆ ಪಾಚಿಯ ಎಣ್ಣೆಗೇ ಹೋಗಬಹುದಲ್ವಾ? ಹೋದೆ. ನಾನು ಹಾಲೂಡಿಸುವಾಗ ದಿನಕ್ಕೆ 200 ಮಿ.ಗ್ರಾಂ ಡಿಎಚ್ಎ ಇರುವ ಪಾಚಿ ಎಣ್ಣೆಯ ಕ್ಯಾಪ್ಸೂಲ್ ತೆಗೆದುಕೊಂಡೆ, ಎದೆಹಾಲಿನ ಡಿಎಚ್ಎ ತಾಯಿ ತಿಂದದ್ದರ ಮೇಲೆ ನಿಂತಿರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 6ರಿಂದ 24 ತಿಂಗಳ ಮಗುವಿಗೆ ದಿನಕ್ಕೆ 100 ಮಿ.ಗ್ರಾಂ ಎಂದು ಹೇಳಿದೆ. ಮಕ್ಕಳ ಡಾಕ್ಟರು, ಎದೆಹಾಲು ಚೆನ್ನಾಗಿದ್ದರೆ ಮಗುವಿಗೆ ಬೇರೆ ಕೊಡಲೇಬೇಕೆಂದಿಲ್ಲ, ಕೊಟ್ಟರೆ ತೊಂದರೆಯೂ ಇಲ್ಲ ಅಂದರು. ಎದೆಹಾಲು ಕಡಿಮೆಯಾದ ಮೇಲೆ ನಾನು ಹನಿ ರೂಪದ್ದು ಶುರು ಮಾಡಿದೆ. ಸಮುದ್ರದ ವಾಸನೆ ಸ್ವಲ್ಪ ಇರುತ್ತದೆ, ತಣಿದ ಮಣ್ಣಿಗೋ ನೇಂದ್ರ ಬಾಳೆಯ ಹಿಟ್ಟಿನ ಗಂಜಿಗೋ ಕೊನೆಗೆ ಬೆರೆಸಿದರೆ ಗೊತ್ತಾಗುವುದಿಲ್ಲ. ಕುದಿಯುವ ಆಹಾರಕ್ಕೆ ಹಾಕಬೇಡಿ.

ತರಿಸುವಾಗ ಲೇಬಲ್ ಓದಲೇಬೇಕು. ಒಂದು ಮೆಡಿಕಲ್‌ನಲ್ಲಿ ಪಾಚಿ ಎಣ್ಣೆ ಕೇಳಿದ್ದಕ್ಕೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟು, ಒಮೆಗಾ-3 ಎಲ್ಲ ಒಂದೇ ಅಂದರು. ಒಂದೇ ಅಲ್ಲ. ಸಸ್ಯಾಹಾರದ ಪ್ರಶ್ನೆ ಆಚೆಗಿರಲಿ, ಅದರಲ್ಲಿ ವಿಟಮಿನ್ ಎ ಕೂಡ ತುಂಬ ಇರುತ್ತದೆ. ಮಗುವಿಗೆ ಒಂಬತ್ತು ತಿಂಗಳಿಗೆ 1 ಲಕ್ಷ ಐಯು (ವಿಟಮಿನ್ ಅಳೆಯುವ ಲೆಕ್ಕ), ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಐಯು ವಿಟಮಿನ್ ಎ ಆರೋಗ್ಯ ಕೇಂದ್ರದಲ್ಲಿ ಹೇಗೂ ಕೊಡುತ್ತಾರೆ, ಅದರ ಮೇಲೆ ಸುಮ್ನೆ ಇನ್ನಷ್ಟು ತುಂಬುವುದು ಒಳ್ಳೆಯದಲ್ಲ. ಕ್ಯಾಪ್ಸೂಲ್ ಆದರೆ ಹೊರಗಿನ ಕವಚ ಜೆಲಟಿನ್ ಹೌದಾ ನೋಡಿ, ಅದು ಪ್ರಾಣಿಗಳದ್ದು.

ಬಿ12 ಬಗ್ಗೆ ನಾನು ಯಾರ ಹತ್ತಿರವೂ ರಾಜಿ ಮಾಡಿಕೊಳ್ಳುವುದಿಲ್ಲ. ಗಿಡದಿಂದ ಬರುವ ಯಾವ ಆಹಾರದಲ್ಲೂ ನಂಬುವಂಥ ಬಿ12 ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ ಅಂತೆಲ್ಲ ಹೇಳುವವರಿದ್ದಾರೆ, ಸ್ಪಿರುಲಿನಾದಲ್ಲಿ ಇರುವುದರಲ್ಲಿ ಹೆಚ್ಚಿನದು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ನಮಗೆ ಇರುವುದು ಹಾಲು, ಮೊಸರು ಮಾತ್ರ. ತಾಯಿಯ ರಕ್ತದಲ್ಲಿ ಕಡಿಮೆ ಇದ್ದರೆ ಎದೆಹಾಲಿನಲ್ಲೂ ಕಡಿಮೆ, ಮತ್ತು ಅಂಥ ಮಗು ನೋಡಲು ಗುಂಡುಗುಂಡಗೆ ಇದ್ದರೂ ಮಂಕಾಗಬಹುದು, ನಗು ಕಡಿಮೆಯಾಗಬಹುದು, ಕೂರುವುದು, ಮಗುಚುವುದು ಕಲಿತದ್ದನ್ನು ಮರೆಯಬಹುದು, ಕೈಕಾಲು ನಡುಗಬಹುದು. ಗರ್ಭಿಣಿಯಾಗಿದ್ದಾಗಲೇ ನಾನು ರಕ್ತ ಪರೀಕ್ಷೆ ಕೇಳಿ ಮಾಡಿಸಿಕೊಂಡೆ. ಕಡಿಮೆ ಬಂತು. ಮಾತ್ರೆ ಶುರು ಮಾಡಿ ಹಾಲೂಡಿಸುವಷ್ಟು ಕಾಲವೂ ಬಿಡಲಿಲ್ಲ. ಹೆರಿಗೆಗೆ ತಾಯಿ ಮನೆಗೆ ಹೋಗುವ ತಂಗಿಯಂದಿರಿಗೆಲ್ಲ ನಾನು ಮೊದಲು ಹೇಳುವುದು ಇದೊಂದೇ, ಲೇಹ್ಯ ಆಮೇಲೆ, ಬಿ12 ಮೊದಲು.

ವರ್ಷ ಕಳೆದ ಮೇಲೆ ದಿನಕ್ಕೆ ಒಂದು ದೊಡ್ಡ ಲೋಟ ಹಾಲು, ಊಟಕ್ಕೆ ಮೊಸರು. 100 ಎಂಎಲ್ ಹಸುವಿನ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಬಿ12 ಇದೆ, ಮಗುವಿಗೆ ಬೇಕಾದದ್ದು ಒಂದು ಮೈಕ್ರೋಗ್ರಾಂ ಆಸುಪಾಸು. ಹಾಗಂತ ಅರ್ಧ ಲೀಟರಿಗಿಂತ ಮೇಲೆ ಹಾಲು ಕುಡಿಸಿದರೆ ಊಟ ಬಿಡುತ್ತದೆ, ಕಬ್ಬಿಣದಂಶ ಇಳಿಯುತ್ತದೆ. ಕಬ್ಬಿಣಕ್ಕೆ ಸಿರಪ್ ಇದೆ: ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ 6 ತಿಂಗಳಿಂದ 59 ತಿಂಗಳವರೆಗೆ ವಾರಕ್ಕೆ ಎರಡು ಸಲ 1 ಎಂಎಲ್. ಹಾಲಿನ ಜೊತೆ ಕೊಡಬೇಡಿ. ಮಲ ಕಪ್ಪಾದರೆ ಹೆದರಬೇಡಿ.

ವಿಟಮಿನ್ ಡಿ ಹನಿ ಹುಟ್ಟಿದ ಕೆಲವೇ ದಿನಕ್ಕೆ ಶುರು, ಒಂದು ವರ್ಷದವರೆಗೆ ದಿನಕ್ಕೆ 400 ಐಯು. ಇಲ್ಲಿ ತುಂಬ ಜಾಗ್ರತೆ ಬೇಕು, ಯಾಕೆಂದರೆ ಒಂದು ಬಾಟಲಿಯಲ್ಲಿ 1 ಎಂಎಲ್‌ಗೆ 400, ಇನ್ನೊಂದರಲ್ಲಿ 1 ಎಂಎಲ್‌ಗೆ 800, ಮತ್ತೊಂದರಲ್ಲಿ ಒಂದೇ ಹನಿಗೆ 400 ಇರುತ್ತದೆ. ಬಾಟಲಿ ಬದಲಾದಾಗಲೆಲ್ಲ ಲೆಕ್ಕ ಬದಲಾಗುತ್ತದೆ. ನಮ್ಮಲ್ಲಿ ಮುಚ್ಚಳದ ಮೇಲೆ ಬಿಳಿ ಟೇಪ್ ಅಂಟಿಸಿ ಎಷ್ಟು ಅಂತ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೆ, ನಾನಿಲ್ಲದಾಗ ಅತ್ತೆಯೋ ಇವರೋ ಕೊಡುವುದಿದ್ದರೂ ಹೆಚ್ಚುಕಮ್ಮಿ ಆಗಬಾರದು ಅಂತ.

ತುಪ್ಪ, ತೆಂಗಿನೆಣ್ಣೆಗೆ ಅವುಗಳದ್ದೇ ಕೆಲಸ ಇದೆ. ನುಗ್ಗೆ ಸೊಪ್ಪು, ಪಪ್ಪಾಯಿ, ಸಿಹಿಗುಂಬಳದ ಕೆರೋಟಿನ್ (ಮೈಯೊಳಗೆ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಬೇಕಾದರೆ ಜೊತೆಗೆ ಕೊಬ್ಬು ಬೇಕು. ತೊಗರಿ ಬೇಳೆಯಲ್ಲಿ ನುಗ್ಗೆ ಸೊಪ್ಪು ಬೇಯಿಸಿ ಮಸೆದು, ಮೇಲೆ ಅರ್ಧ ಚಮಚ ತೆಂಗಿನೆಣ್ಣೆ ಹಸಿಯಾಗಿಯೇ ಹಾಕಿದರೆ ನಮ್ಮ ಮಗು ಬಟ್ಟಲು ಖಾಲಿ ಮಾಡುತ್ತದೆ. ಅಂಗನವಾಡಿಯಲ್ಲಿ ಕೊಡುವ ಅಮೃತಂ ಪುಡಿಯನ್ನೂ ಬಿಡಬೇಡಿ. ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಯೋಜನೆಯಾದ ಕುಟುಂಬಶ್ರೀಯ ಹೆಂಗಸರು ಗೋಧಿ, ಕಡಲೆ, ನೆಲಗಡಲೆ, ಸೋಯಾ ಹಾಕಿ ಮಾಡುವುದು, ಅದು ಮೊದಲು ಶುರುವಾದದ್ದು ನಮ್ಮ ಕಾಸರಗೋಡಿನಲ್ಲೇ. ಸಕ್ಕರೆ ಅದರಲ್ಲೇ ಇದೆ, ಮತ್ತೆ ಬೆಲ್ಲ ಬೇಡ. ನಾನು ಬೇಯಿಸಿ ಇಳಿಸಿದ ಮೇಲೆ ಅಗಸೆ ಪುಡಿ ಬೆರೆಸಿ ಕೊಡುತ್ತಿದ್ದೆ.

ಈಗ ಮಗು ನರ್ಸರಿಗೆ ಹೋಗುತ್ತದೆ. ಡಿಎಚ್ಎ ಹನಿ ಮುಂದುವರಿದಿದೆ, ದೋಸೆಗೆ ಎಳ್ಳು, ನೆಲಗಡಲೆ, ಅಗಸೆ ಮೂರೂ ಸೇರಿಸಿದ ಪುಡಿಗೆ ತುಪ್ಪ ಕಲಸಿ ಹಚ್ಚಿ ಸುತ್ತಿ ಟಿಫಿನ್‌ಗೆ ಹಾಕುತ್ತೇನೆ. ಇಡೀ ನೆಲಗಡಲೆ, ಗೇರುಬೀಜ ಮಾತ್ರ ಐದು ವರ್ಷ ತುಂಬುವವರೆಗೆ ಕೈಗೆ ಕೊಡುವುದಿಲ್ಲ, ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ. ಗೇರುಬೀಜ ಮನೆಯಲ್ಲೇ ಸುಟ್ಟು ತೆಗೆಯುವ ಕಾಲದಲ್ಲಿ ಇದನ್ನು ಬಂದವರಿಗೆಲ್ಲ ಮೊದಲೇ ಹೇಳಿಡಬೇಕಾಗುತ್ತದೆ.