ದುಡಿಯುವ ಹೆಂಗಸರಿಗೆ ಮಕ್ಕಳು ಕಡಿಮೆಯೇ? ಅಂಕಿಅಂಶ ಹಿಡಿದು ನೋಡುವ ಕ್ರಮ

ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ಜನನ ಪ್ರಮಾಣ ಕುಸಿಯಿತು ಎಂಬ ಮಾತಿಗೆ ಬೆಂಬಲವಾಗಿ ಒಂದು ನಕ್ಷೆ ಬರೆಯುವುದು ಬಹಳ ಸುಲಭ. ಅದಕ್ಕೆ ತದ್ವಿರುದ್ಧವಾದ ನಕ್ಷೆಯನ್ನೂ ಅಷ್ಟೇ ಸುಲಭವಾಗಿ ಬರೆಯಬಹುದು. ಶ್ರೀಮಂತ ದೇಶಗಳನ್ನಷ್ಟೇ ತೆಗೆದುಕೊಂಡು 1970ರ ಅಂಕಿಗಳನ್ನು ಚುಕ್ಕಿ ಹಾಕಿದರೆ, ಹೆಚ್ಚು ಹೆಂಗಸರು ದುಡಿಯುವ ದೇಶದಲ್ಲಿ ಮಕ್ಕಳು ಕಡಿಮೆ. 1980ರ ದಶಕದ ಕೊನೆಯ ಹೊತ್ತಿಗೆ ಅವೇ ದೇಶಗಳ ಚುಕ್ಕಿಗಳು ತಿರುಗಿ ನಿಂತಿವೆ: ಹೆಚ್ಚು ದುಡಿಯುವ ಕಡೆಯೇ ಮಕ್ಕಳೂ ಹೆಚ್ಚು. ಎರಡೂ ನಕ್ಷೆಗಳ ಅಂಕಿ ಸರಿಯೇ. ಎರಡರಿಂದಲೂ ಒಬ್ಬ ಹೆಂಗಸಿನ ಬಾಳಿನಲ್ಲಿ ಏನು ನಡೆಯಿತು ಎಂಬುದು ತಿಳಿಯುವುದಿಲ್ಲ. ಇಂಥ ಅಂಕಿಗಳನ್ನೇ ಮುಂದಿಟ್ಟು ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿರಲಿ ಎನ್ನುವವರಿದ್ದಾರೆ. ಆದ್ದರಿಂದ ಈ ಲೆಕ್ಕವನ್ನು ಹೇಗೋ ಮಾಡಿ ಮುಗಿಸುವಂತಿಲ್ಲ.

ಮೊದಲು ಹೆರಿಗೆಯ ಲೆಕ್ಕ

ಫಲವತ್ತತೆ ಎಂದ ಕೂಡಲೇ ಕನ್ನಡದ ಕಿವಿಗೆ ಹೆರುವ ಶಕ್ತಿ ಎಂಬ ಅರ್ಥ ಕೇಳಿಸುತ್ತದೆ. ಜನಸಂಖ್ಯಾಶಾಸ್ತ್ರದಲ್ಲಿ ಅದು ನಿಜವಾಗಿ ಆದ ಹೆರಿಗೆಗಳ ಎಣಿಕೆ. ಮಗು ಬೇಡವೆಂದು ಮುಂದೂಡಿದವರೂ ಬೇಕೆಂದರೂ ಆಗದವರೂ ಇದರಲ್ಲಿ ಒಂದೇ ಸೊನ್ನೆಯಾಗಿ ಕೂರುತ್ತಾರೆ. ವರದಿ ಬರೆಯುವಾಗ ಈ ಎರಡು ಅರ್ಥ ಕಲಸಿಹೋಗದಂತೆ ನೋಡಿಕೊಳ್ಳಿ.

ಅಳತೆಗೆ ಒಟ್ಟು ಫಲವತ್ತತೆ ದರ, ಅಂದರೆ ಟಿಎಫ್‌ಆರ್, ಬಳಸಿ. ಸಾವಿರ ಜನರಿಗೆ ಇಷ್ಟು ಜನನ ಎಂಬ ಕಚ್ಚಾ ದರ ಇಲ್ಲಿ ಕೆಲಸಕ್ಕೆ ಬಾರದು. ಜನರಲ್ಲಿ ವಯಸ್ಸಾದವರು ಹೆಚ್ಚಿದರೆ ಸಾಕು, ಅದು ತಾನಾಗಿ ಇಳಿಯುತ್ತದೆ. 15ರಿಂದ 49ರವರೆಗಿನ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಒಂದು ವರ್ಷದಲ್ಲಿ ಆದ ಹೆರಿಗೆಗಳನ್ನು ಆ ಗುಂಪಿನ ಹೆಂಗಸರ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ಸಾವಿರಕ್ಕೆ 20, 110, 130, 80, 40, 15, 5 ಎಂದು ಬಂದಿತೆನ್ನಿ. ಮೊತ್ತ 400. ಪ್ರತಿ ಗುಂಪಿನಲ್ಲೂ ಒಬ್ಬಾಕೆ ಐದು ವರ್ಷ ಇರುತ್ತಾಳೆ, ಹಾಗಾಗಿ 5ರಿಂದ ಗುಣಿಸಿ 1000ದಿಂದ ಭಾಗಿಸಿದರೆ 2.0, ಅಂದರೆ ಇದೇ ದರದಲ್ಲಿ ಒಬ್ಬಾಕೆಗೆ ಬಾಳಿನಲ್ಲಿ ಸರಾಸರಿ ಎರಡು ಮಕ್ಕಳು. ಈ 5ರ ಗುಣಾಕಾರ ಮರೆಯುವವರು ಬಹಳ, ದರ 0.4 ಎಂದು ಬಂದರೆ ತಪ್ಪು ಅಲ್ಲೇ ಇದೆ.

ಟಿಎಫ್‌ಆರ್‌ಗೂ ಒಂದು ದೋಷವಿದೆ. ಕೆಲಸಕ್ಕೆ ಸೇರಿದವರು ಹೆರಿಗೆಯನ್ನು ಮುಂದೂಡಿದರೆ, ಕೊನೆಗೆ ಅಷ್ಟೇ ಮಕ್ಕಳನ್ನು ಪಡೆದರೂ ಮುಂದೂಡುವ ವರ್ಷಗಳಲ್ಲಿ ದರ ಕುಸಿದಂತೆ ಕಾಣುತ್ತದೆ. 1998ರಲ್ಲಿ ಜನಸಂಖ್ಯಾಶಾಸ್ತ್ರಜ್ಞರಾದ ಬೊಂಗಾರ್ಟ್ಸ್ ಮತ್ತು ಫೀನಿ ಕೊಟ್ಟ ತಿದ್ದುಪಡಿ ಸರಳ: ಹೆರಿಗೆಯ ಸರಾಸರಿ ವಯಸ್ಸು ವರ್ಷಕ್ಕೆ ಎಷ್ಟು ಏರುತ್ತಿದೆಯೋ ಅದನ್ನು 1ರಿಂದ ಕಳೆದು, ಉಳಿದದ್ದರಿಂದ ದರವನ್ನು ಭಾಗಿಸುವುದು. ವಯಸ್ಸು ವರ್ಷಕ್ಕೆ 0.1ರಂತೆ ಏರುತ್ತಿದ್ದು ದರ 1.8 ಇದ್ದರೆ, ತಿದ್ದಿದ ದರ 1.8 ಭಾಗಿಸು 0.9, ಅಂದರೆ 2.0. ಮೊದಲ ಮಗು, ಎರಡನೆಯದು, ಮೂರನೆಯದು ಎಂದು ಬೇರೆಬೇರೆಯಾಗಿ ಈ ಲೆಕ್ಕ ಮಾಡಿ ಕೊನೆಗೆ ಕೂಡಿಸಬೇಕು. ಒಟ್ಟಾಗಿ ಮಾಡಿದರೆ, ಮೂರನೆಯ ಮಗು ಪಡೆಯುವವರು ಕಡಿಮೆಯಾದಾಗಲೂ ಸರಾಸರಿ ವಯಸ್ಸು ಬದಲಾಗಿ ಉತ್ತರ ಕೆಡುತ್ತದೆ. ಕಾಯಲು ಸಾಧ್ಯವಿದ್ದರೆ ಎಲ್ಲಕ್ಕಿಂತ ಒಳ್ಳೆಯ ಅಳತೆ, 45 ದಾಟಿದ ಹೆಂಗಸರಿಗೆ ಒಟ್ಟು ಎಷ್ಟು ಮಕ್ಕಳಾದವು ಎಂಬುದೇ.

ಕೆಲಸದ ಕಾಲಂ

ಹೆರಿಗೆಯ ಲೆಕ್ಕಕ್ಕಿಂತ ಇಲ್ಲಿ ತಪ್ಪು ಹೆಚ್ಚು, ಏಕೆಂದರೆ ಹುಟ್ಟಿದ ಮಗು ಕಣ್ಣಿಗೆ ಕಾಣುತ್ತದೆ, ಹೆಂಗಸಿನ ಕೆಲಸ ಹಲವು ಸಲ ಕಾಣುವುದೇ ಇಲ್ಲ. ದಿನಕ್ಕೆ ನಾಲ್ಕು ತಾಸು ಹೊಲಿಗೆ ಯಂತ್ರದ ಮುಂದೆ ಕೂರುವಾಕೆಯನ್ನು "ಕೆಲಸ ಮಾಡ್ತೀರಾ?" ಎಂದು ಕೇಳಿದರೆ "ಇಲ್ಲ, ಮನೇಲೇ ಇರ್ತೀನಿ" ಎನ್ನುತ್ತಾರೆ. ಪ್ರಶ್ನೆಯನ್ನು ಒಡೆದು ಕೇಳಿ: ಕಳೆದ ಏಳು ದಿನಗಳಲ್ಲಿ ಕೂಲಿಗೆ ಅಥವಾ ಸಂಬಳಕ್ಕೆ ಒಂದು ತಾಸಾದರೂ ದುಡಿದಿರಾ? ಮಾರಲೆಂದು ಏನಾದರೂ ತಯಾರಿಸಿದಿರಾ? ಮನೆಯವರ ಅಂಗಡಿಯಲ್ಲೋ ಹೊಲದಲ್ಲೋ ದುಡ್ಡಿಲ್ಲದೆ ಕೈಜೋಡಿಸಿದಿರಾ? ಕೆಲಸ ಇದ್ದೂ ಈ ವಾರ ಹೋಗಲಿಲ್ಲವೇ, ಯಾಕೆ? ಈ ನಾಲ್ಕಕ್ಕೆ ನಾಲ್ಕು ಬೇರೆ ಕಾಲಂ ಇಡಿ, ಒಂದೇ "ಹೌದು"ಗೆ ಸೇರಿಸಬೇಡಿ. ಮನೆಯಲ್ಲೇ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಮಾಡಬಹುದಾದ ಕೆಲಸಕ್ಕೂ ಮನೆಯಿಂದ ಹತ್ತು ತಾಸು ಹೊರಗಿಡುವ ಕೆಲಸಕ್ಕೂ ಹೆರಿಗೆಯ ಜೊತೆಗಿನ ನಂಟು ಬೇರೆಬೇರೆ. ಕೃಷಿ ಕುಟುಂಬಗಳಲ್ಲಿ ಹೆಂಗಸರ ದುಡಿಮೆಯೂ ಹೆಚ್ಚು, ಮಕ್ಕಳೂ ಹೆಚ್ಚು ಇರಲು ಕಾರಣ ಇದೇ.

ಸಿದ್ಧ ಅಂಕಿಅಂಶ ಬಳಸುವವರು ಮೂರು ಕಡೆ ಎಚ್ಚರ ವಹಿಸಬೇಕು.

ಒಂದು, ವ್ಯಾಖ್ಯೆ ಬದಲಾಗಿದೆ. 2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್‌ಒ) ಕರೆದ ಸಂಖ್ಯಾಶಾಸ್ತ್ರಜ್ಞರ 19ನೇ ಸಮ್ಮೇಳನ, ಮನೆಯ ಬಳಕೆಗಷ್ಟೇ ಬೆಳೆಯುವ ದುಡಿಮೆಯನ್ನು ಉದ್ಯೋಗದ ಎಣಿಕೆಯಿಂದ ಹೊರಗಿಟ್ಟಿತು. ಹೊಸ ವ್ಯಾಖ್ಯೆಗೆ ದಾಟಿದ ದೇಶದಲ್ಲಿ ಅದೇ ಹೊಲದಲ್ಲಿ ಅದೇ ಕೆಲಸ ಮಾಡುವ ಹೆಂಗಸು ಒಂದು ಸಮೀಕ್ಷೆಯಲ್ಲಿ ಉದ್ಯೋಗಿ, ಮುಂದಿನದರಲ್ಲಿ ಅಲ್ಲ. ಆ ವರ್ಷದ ಗೆರೆಯನ್ನು ಮುರಿದು ತೋರಿಸಿ, ಒಂದೇ ಸರಣಿಯಾಗಿ ಎಳೆಯಬೇಡಿ.

ಎರಡು, ಹೆರಿಗೆ ರಜೆಯಲ್ಲಿರುವವರು ಕೆಲಸ ಉಳಿಸಿಕೊಂಡಿದ್ದರೆ ಉದ್ಯೋಗಸ್ಥರೆಂದೇ ಎಣಿಕೆಯಾಗುತ್ತಾರೆ. ಸಂಬಳ ಸಹಿತ ದೀರ್ಘ ರಜೆ ಇರುವ ದೇಶದಲ್ಲಿ ಹಸುಗೂಸಿನ ತಾಯಂದಿರ ಉದ್ಯೋಗ ದರ ಎತ್ತರವಾಗಿ ಕಂಡರೆ, ಆ ವಾರ ನಿಜಕ್ಕೂ ಕೆಲಸಕ್ಕೆ ಹೋದವರೆಷ್ಟು ಎಂಬ ಅಂಕಿಯನ್ನೂ ಪಕ್ಕದಲ್ಲಿಡಿ.

ಮೂರು, ಐಎಲ್‌ಒ ಅಂದಾಜುಗಳಲ್ಲಿ ಸಮೀಕ್ಷೆ ನಡೆಯದ ವರ್ಷಗಳನ್ನು ಗಣಿತದ ಮಾದರಿಯಿಂದ ತುಂಬಿರುತ್ತಾರೆ. ಅಂಥ ಅಂಕಿಗಳನ್ನು ಗುರುತು ಮಾಡಿ ತೆಗೆದಿಟ್ಟು ಒಮ್ಮೆ ಲೆಕ್ಕ ಮಾಡಿ. ಉತ್ತರ ಬದಲಾದರೆ ನೀವು ಅಳೆಯುತ್ತಿದ್ದದ್ದು ಮಾದರಿಯನ್ನು. ವಯಸ್ಸಿನ ಮಿತಿಯೂ 15 ಮೇಲ್ಪಟ್ಟವರು ಎಂದಿರಬಾರದು. ಓದುತ್ತಿರುವವರೂ ನಿವೃತ್ತರೂ ಸೇರಿ ಅರ್ಥ ಕೆಡುತ್ತದೆ. 25ರಿಂದ 49 ಇಟ್ಟುಕೊಳ್ಳಿ.

ದೇಶದ ಚುಕ್ಕಿಯಿಂದ ಹೆಂಗಸಿನ ಬಾಳಿಗೆ ಹಾರಬೇಡಿ

ದೇಶಗಳ ನಡುವಿನ ಹೋಲಿಕೆಯನ್ನು ಬಿಟ್ಟು, ಪ್ರತಿ ದೇಶವನ್ನೂ ಅದರದೇ ಹಿಂದಿನ ವರ್ಷಗಳೊಡನೆ ಹೋಲಿಸಿದರೆ, ಮೊದಲಲ್ಲಿ ಹೇಳಿದ, ಚುಕ್ಕಿಗಳ ಆ ಪ್ರಸಿದ್ಧ ತಿರುವು ಬಹುತೇಕ ಮಾಯವಾಗುತ್ತದೆ. ಉಳಿಯುವುದು ಇಷ್ಟು: ವಿಲೋಮ ಸಂಬಂಧ (ಒಂದು ಏರಿದರೆ ಇನ್ನೊಂದು ಇಳಿಯುವುದು) ಇತ್ತು, ಅದು ಕಾಲಕ್ರಮೇಣ ಸಡಿಲವಾಯಿತು. ರಿಗ್ರೆಶನ್ (ಒಂದು ಅಂಕಿ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡುವವರು ಪ್ರತಿ ದೇಶಕ್ಕೂ ಪ್ರತಿ ವರ್ಷಕ್ಕೂ ಒಂದೊಂದು ಡಮ್ಮಿ (ಹೌದಾದರೆ 1, ಅಲ್ಲವಾದರೆ 0 ಇರುವ ಕಾಲಂ) ಹಾಕಿ, ಹಾಕದ ಫಲಿತಾಂಶದ ಪಕ್ಕದಲ್ಲೇ ತೋರಿಸಿ.

ಸಡಿಲವಾಗಲು ಕಾರಣ ಹುಡುಕುವವರು ಕೆಲಸ ಮತ್ತು ಮಗು ಒಟ್ಟಿಗೆ ಸಾಗಲು ಎಷ್ಟು ಅನುಕೂಲವಿದೆ ಎಂಬುದನ್ನು ಅಳೆಯಬೇಕು. ಸಂಬಳ ಎರಡು ದಿಕ್ಕಿಗೆ ಎಳೆಯುತ್ತದೆ: ಕೈಯಲ್ಲಿ ದುಡ್ಡಿದ್ದರೆ ಮಗುವನ್ನು ಸಾಕುವ ಧೈರ್ಯ ಬರುತ್ತದೆ; ಅದೇ ಹೊತ್ತಿಗೆ, ಮಗುವಿಗಾಗಿ ಬಿಡಬೇಕಾದ ಸಂಬಳವೂ ದೊಡ್ಡದಾಗುತ್ತದೆ. ಯಾವ ಎಳೆತ ಗೆಲ್ಲುತ್ತದೆ ಎಂಬುದನ್ನು ಮೂರು ವರ್ಷದೊಳಗಿನ ಮಕ್ಕಳ ಆರೈಕೆ ಕೇಂದ್ರ ದಿನಕ್ಕೆ ಎಷ್ಟು ತಾಸು ತೆರೆದಿರುತ್ತದೆ, ಕಚೇರಿಯ ವೇಳೆ ಎಷ್ಟು ಉದ್ದ, ಗಂಡ ಮನೆಗೆಲಸಕ್ಕೆ ಎಷ್ಟು ತಾಸು ಕೊಡುತ್ತಾನೆ ಎಂಬವು ತೀರ್ಮಾನಿಸುತ್ತವೆ. ಈ ಮೂರೂ ಕಾಲಂ ಇಲ್ಲದ ಕಡತದಿಂದ ಕಾರಣದ ಬಗ್ಗೆ ಮಾತಾಡದಿರುವುದೇ ಲೇಸು. ಹಾಗೆಂದು ಇವು ಇದ್ದರೆ ಎಲ್ಲವೂ ಬಗೆಹರಿಯಿತೆಂದೂ ಅಲ್ಲ. ಇಂಥ ಅನುಕೂಲಗಳಿಗೆ ಹೆಸರಾದ ಫಿನ್ಲೆಂಡ್‌ನಲ್ಲಿ 2010ರಲ್ಲಿ 1.87 ಇದ್ದ ಒಟ್ಟು ಫಲವತ್ತತೆ ದರ 2023ಕ್ಕೆ 1.26ಕ್ಕೆ ಇಳಿಯಿತು. ದಕ್ಷಿಣ ಕೊರಿಯಾದಲ್ಲಿ ಹೆಂಗಸರ ಉದ್ಯೋಗ ದರ ಫಿನ್ಲೆಂಡ್‌ಗಿಂತ ಕಡಿಮೆ; ಆದರೂ 2023ರ ಒಟ್ಟು ಫಲವತ್ತತೆ ದರ ಅಲ್ಲಿ 0.72.

ಒಬ್ಬಾಕೆಯ ಸಾಲುಗಳು

ಮುಖ್ಯ ಕೆಲಸ ಇಲ್ಲಿದೆ. ಸಮೀಕ್ಷೆಯ ದಿನ ಕೆಲಸದಲ್ಲಿದ್ದವರು ಮತ್ತು ಇಲ್ಲದವರು ಎಂದು ಎರಡು ಪಾಲು ಮಾಡಿ ಮಕ್ಕಳನ್ನು ಎಣಿಸುವುದು ತೀರಾ ಸಾಮಾನ್ಯ ತಪ್ಪು. ಒಬ್ಬರ ಕಡತ ಹೀಗಿದೆ ಎಂದುಕೊಳ್ಳಿ: 2012ರಲ್ಲಿ ಕೆಲಸಕ್ಕೆ ಸೇರಿದರು, 2016ರ ಮಾರ್ಚ್‌ನಲ್ಲಿ ಬಿಟ್ಟರು, ಜೂನ್‌ನಲ್ಲಿ ಹೆರಿಗೆ, 2017ರ ಆಗಸ್ಟ್‌ನಲ್ಲಿ ಸಮೀಕ್ಷೆಯವರು ಮನೆಗೆ ಬಂದರು. ಆ ದಿನದ ಕಡತದಲ್ಲಿ ಈಕೆ "ಕೆಲಸ ಇಲ್ಲ, ಮಗು ಒಂದು". ಮನೆಯಲ್ಲಿದ್ದವರಿಗೆ ಮಕ್ಕಳು ಹೆಚ್ಚು ಎಂಬುದಕ್ಕೆ ಇವರೂ ಒಂದು ಸಾಕ್ಷಿಯಾಗಿಬಿಡುತ್ತಾರೆ. ನಿಜದಲ್ಲಿ 2015ರ ಸೆಪ್ಟೆಂಬರ್ ಸುಮಾರಿಗೆ ಗರ್ಭ ನಿಂತಾಗ ಅವರು ಕೆಲಸದಲ್ಲಿದ್ದರು.

ಸರಿಪಡಿಸುವ ಬಗೆ: ಒಬ್ಬರಿಗೆ ಒಂದು ಸಾಲು ಎಂಬುದನ್ನು ಬಿಟ್ಟು ತಿಂಗಳಿಗೊಂದು ಸಾಲು ಮಾಡಿ. ಮೊದಲ ಮಗುವಿನ ಕಡತ 15 ತುಂಬಿದ ತಿಂಗಳಿಂದ ಶುರುವಾಗಿ ಮೊದಲ ಹೆರಿಗೆಯ ತಿಂಗಳಿಗೆ, ಹೆರಿಗೆ ಆಗದಿದ್ದರೆ ಸಮೀಕ್ಷೆಯ ತಿಂಗಳಿಗೆ, ಮುಗಿಯುತ್ತದೆ. ಪ್ರತಿ ಸಾಲಿನಲ್ಲಿ ವಯಸ್ಸು, ಓದು ಮುಗಿದಿದೆಯೇ, ಎಷ್ಟು ಓದಿದ್ದಾರೆ, 12 ತಿಂಗಳ ಹಿಂದೆ ಯಾವ ಬಗೆಯ ಕೆಲಸದಲ್ಲಿದ್ದರು, ಈ ತಿಂಗಳು ಹೆರಿಗೆ ಆಯಿತೇ (0 ಅಥವಾ 1) ಇಷ್ಟಿರಲಿ. 9 ತಿಂಗಳು ಸಾಲದು. ಮಗು ಬೇಕೆಂದು ನಿರ್ಧರಿಸಿ ಕೆಲಸ ಬಿಟ್ಟವರನ್ನು ಸ್ವಲ್ಪವಾದರೂ ಹಿಡಿಯಲು 12 ಬೇಕು, 24 ಇಟ್ಟು ಇನ್ನೊಮ್ಮೆ ನೋಡಿ. ಓದುತ್ತಿರುವ ತಿಂಗಳುಗಳನ್ನು "ಕೆಲಸವಿಲ್ಲ" ಎಂಬ ಗುಂಪಿಗೆ ಸೇರಿಸಿದರೆ ಆ ಗುಂಪಿನ ದರ ಸುಮ್ಮನೆ ಕುಗ್ಗುತ್ತದೆ, ಪ್ರತ್ಯೇಕವಾಗಿಡಿ. ಎರಡನೆಯ ಮಗುವಿಗೆ ಹೊಸ ಕಡತ, ಅದರ ಗಡಿಯಾರ ಮೊದಲ ಹೆರಿಗೆಯಿಂದ ಶುರು. ಇವುಗಳ ಮೇಲೆ ಲಾಜಿಸ್ಟಿಕ್ ರಿಗ್ರೆಶನ್ (ಉತ್ತರ 0 ಅಥವಾ 1 ಆಗಿರುವಾಗ ಸಂಭವ ಅಳೆಯುವ ಬಗೆ) ಸಾಕು. ಮೊದಲ ಮಗುವಿಗೆ ಒಂದು ಉತ್ತರ, ಎರಡನೆಯದಕ್ಕೆ ಇನ್ನೊಂದು ಬಂದರೆ ಗಾಬರಿಯಾಗಬೇಡಿ. ಒಂದನ್ನು ಮುಂದೂಡುವುದು, ಇನ್ನೊಂದನ್ನು ಕೈಬಿಡುವುದು ಬೇರೆ ಬೇರೆ ನಿರ್ಧಾರಗಳು.

ಯಾವುದರಿಂದ ಯಾವುದು

ಮಕ್ಕಳು ಬೇಕೆಂದಿರುವವರು ವರ್ಷಗಳ ಮೊದಲೇ ಅದಕ್ಕೆ ಹೊಂದುವ ಕೆಲಸ ಆರಿಸಿಕೊಂಡಿರುತ್ತಾರೆ. ಎಷ್ಟು ತಿಂಗಳು ಹಿಂದೆ ಸರಿದರೂ ಇದು ಹೋಗದು. ಹೊರಗಿನಿಂದ ಬಂದ ಒಂದು ತಿರುವು ಬೇಕು.

ಮಗುವಿನಿಂದ ಕೆಲಸದ ಕಡೆಗಿನ ದಾರಿಗೆ ಅರ್ಥಶಾಸ್ತ್ರಜ್ಞರಾದ ಆಂಗ್ರಿಸ್ಟ್ ಮತ್ತು ಇವಾನ್ಸ್ 1998ರಲ್ಲಿ ತೋರಿಸಿದ ಉಪಾಯ ಈಗಲೂ ಕಲಿಯತಕ್ಕದ್ದು. ಅಮೆರಿಕದ 1980 ಮತ್ತು 1990ರ ಜನಗಣತಿಯಲ್ಲಿ, ಮೊದಲ ಎರಡೂ ಮಕ್ಕಳು ಒಂದೇ ಲಿಂಗದವರಾದರೆ ಮೂರನೆಯದಕ್ಕೆ ಹೋಗುವವರು ಸುಮಾರು 6 ಶೇಕಡಾಂಶ ಹೆಚ್ಚು. ಮಕ್ಕಳ ಲಿಂಗ ಆಕಸ್ಮಿಕ, ಹಾಗಾಗಿ ಆ ಮೂರನೆಯ ಮಗುವಿನಿಂದ ತಾಯಿಯ ದುಡಿಮೆಗೆ ಆದ ಪರಿಣಾಮ ತಿಳಿಯಿತು: ದುಡಿಮೆ ಇಳಿದದ್ದು ನಿಜ, ಆದರೆ ಸಾದಾ ಹೋಲಿಕೆ ಹೇಳುತ್ತಿದ್ದಷ್ಟಲ್ಲ. ಗಂಡುಮಗುವಿನ ಹಂಬಲ ಗಟ್ಟಿಯಾಗಿರುವ ಸಮಾಜದ ಅಂಕಿಗೆ ಈ ಉಪಾಯವನ್ನು ಹಚ್ಚಬೇಡಿ. ಅಲ್ಲಿ ಎರಡು ಹೆಣ್ಣು ಮತ್ತು ಎರಡು ಗಂಡು ಒಂದೇ ಅಲ್ಲ. ಭ್ರೂಣಲಿಂಗ ಪತ್ತೆ ನಡೆಯುವಲ್ಲಿ ಲಿಂಗ ಆಕಸ್ಮಿಕವೂ ಅಲ್ಲ.

ಕೆಲಸದಿಂದ ಮಗುವಿನ ಕಡೆಗೆ ನೋಡಲು ಕಾರ್ಖಾನೆ ಮುಚ್ಚಿದ ಸಂದರ್ಭಗಳು ನೆರವಾಗುತ್ತವೆ, ಏಕೆಂದರೆ ಮುಚ್ಚುವ ನಿರ್ಧಾರ ಹೆಂಗಸಿನದಲ್ಲ. ಆಸ್ಟ್ರಿಯಾದ ದಾಖಲೆಗಳ ಮೇಲೆ ನಡೆದ ಇಂಥ ಅಧ್ಯಯನದಲ್ಲಿ ಕೆಲಸ ಕಳೆದುಕೊಂಡವರ ಹೆರಿಗೆ 5ರಿಂದ 10 ಪ್ರತಿಶತ ಕಡಿಮೆಯಾಯಿತು, ಹೆಚ್ಚಾಗಿ ಕಚೇರಿ ಕೆಲಸದವರಲ್ಲಿ. ದುಡಿಮೆಯೇ ಅಡ್ಡಿಯಾಗಿದ್ದರೆ ಕೆಲಸ ಹೋದಾಗ ಮಕ್ಕಳು ಹೆಚ್ಚಬೇಕಿತ್ತು. ಹೊಸ ನೌಕರಿಯಲ್ಲಿ ನೆಲೆ ನಿಲ್ಲುವ ತನಕ ಮಗುವನ್ನು ಮುಂದೂಡುವುದು ಈ ಇಳಿಕೆಯ ಹಿಂದಿರುವಂತೆ ಕಾಣುತ್ತದೆ. ಡೆನ್ಮಾರ್ಕ್‌ನ ದಾಖಲೆಗಳಲ್ಲಿ ಮೊದಲ ಮಗುವಿನ ನಂತರ ಗಂಡಸರಿಗೆ ಹೋಲಿಸಿದರೆ ಹೆಂಗಸರ ಗಳಿಕೆ ದೀರ್ಘಾವಧಿಯಲ್ಲಿ ಸುಮಾರು 20 ಪ್ರತಿಶತ ಹಿಂದೆ ಬೀಳುತ್ತದೆ. ಮುಂದೂಡುವವರು ಅಳೆದು ನೋಡುತ್ತಿರುವುದು ಇಂಥದೇ ನಷ್ಟವನ್ನು.

ಗುಂಪು ಒಡೆಯುವ ಮುನ್ನ

25ರಿಂದ 29ರ ಸಾವಿರ ಹೆಂಗಸರಲ್ಲಿ ವರ್ಷಕ್ಕೆ 130 ಹೆರಿಗೆ ಎಂದರೆ ಆಕಸ್ಮಿಕದ ಏರಿಳಿತ ಸುಮಾರು 22, ಅಂದರೆ 108ರಿಂದ 152. ಅವರನ್ನು ಕೆಲಸದ ಬಗೆಯಂತೆ 200 ಜನರ ಐದು ಗುಂಪು ಮಾಡಿದರೆ ತಲಾ 26 ಹೆರಿಗೆ, ಏರಿಳಿತ 10. ಸಾವಿರಕ್ಕೆ ಲೆಕ್ಕ ಹಾಕಿದರೆ 80ರಿಂದ 180. ಈ ಅಂತರದೊಳಗೆ ಎಂಥ ವ್ಯತ್ಯಾಸವನ್ನೂ ಕಂಡೆವೆನ್ನಬಹುದು. ಮೂರು ವರ್ಷದ ಹೆರಿಗೆ ಕೂಡಿಸಿ, ಇಲ್ಲವೇ ಗುಂಪು ಕಡಿಮೆ ಮಾಡಿ.

ಫಲಿತಾಂಶವನ್ನು ಬರೆಯುವಾಗ "ಉದ್ಯೋಗದಿಂದ ಫಲವತ್ತತೆ ಇಳಿಯುತ್ತದೆ" ಎಂಬ ವಾಕ್ಯವನ್ನು ಹೊಡೆದುಹಾಕಿ, ಹೀಗೆ ಬರೆಯಿರಿ: "ಒಂದು ಮಗು ಇರುವ, 30ರಿಂದ 34ರ, ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದ ಹೆಂಗಸರಿಗೆ ಮುಂದಿನ 12 ತಿಂಗಳಲ್ಲಿ ಎರಡನೆಯ ಹೆರಿಗೆ ಆಗುವ ಸಂಭವ, ಅಷ್ಟೇ ಓದಿದ, ಕೆಲಸವಿಲ್ಲದವರಿಗಿಂತ ಇಷ್ಟು ಕಡಿಮೆ." ಕೆಳಗೆ ಕೋಷ್ಟಕದಲ್ಲಿ ಪ್ರತಿ ಗುಂಪಿನ ಹೆಂಗಸರ ಸಂಖ್ಯೆ, ಹೆರಿಗೆಗಳ ಸಂಖ್ಯೆ, ಕೆಲಸವನ್ನು ಕೇಳಿದ ಪ್ರಶ್ನೆಯ ಪೂರ್ತಿ ಪಠ್ಯ ಕೊಡಿ.